ಮೊದಲು ಡಿಸ್ಚಾರ್ಜ್ ಬುಕ್, ಆಮೇಲೆ ಯುದ್ಧ

ಮಾಜಿ ಸೈನಿಕರೊಬ್ಬರ ಮುಂದೆ ಕುಳಿತು "ಯುದ್ಧ ಹೇಗಿತ್ತು, ಹೇಳಿ" ಎಂದರೆ ಸಿಗುವುದು ಜನವರಿ 26ರ ಭಾಷಣ. ಶಾಲೆಯ ಅಂಗಳದಲ್ಲಿ, ಪಂಚಾಯಿತಿಯ ಕಟ್ಟೆಯಲ್ಲಿ ಅದನ್ನು ಹೇಳಿ ಹೇಳಿ ಅವರಿಗೆ ಬಾಯಿಪಾಠವಾಗಿರುತ್ತದೆ. ಕೇಳುವವರಿಗೆ ಯಾವ ಮಾತು ಬೇಕು ಎಂಬುದೂ ಗೊತ್ತಿರುತ್ತದೆ. ನನಗೆ ಬೇಕಾದವನು ಆ ಭಾಷಣದ ಹಿಂದೆ ಉಳಿದುಹೋದ ಹತ್ತೊಂಬತ್ತರ ಹುಡುಗ. ಅವನನ್ನು ಮಾತಿಗೆ ತರುವ ದಾರಿ ಹುಡುಕಲು ನನಗೆ ವರ್ಷಗಳೇ ಹಿಡಿದವು.

ಬೆಳಗಾವಿ ಜಿಲ್ಲೆಯ ಹಳ್ಳಿಗಳ ಅಂಚೆ ಕಚೇರಿಗಳಲ್ಲಿ ನೌಕರಿ ಮಾಡಿ ನಿವೃತ್ತನಾದವನು ನಾನು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಬೆಳಗಾವಿಯಲ್ಲೇ ಇರುವುದರಿಂದ ಸುತ್ತಲಿನ ಹಳ್ಳಿಗಳ ಹುಡುಗರಿಗೆ ಭರ್ತಿ ಎಂಬುದು ಪಕ್ಕದೂರಿನ ಸಂತೆಯಷ್ಟು ಪರಿಚಿತ. ಪಿಂಚಣಿ ಎಣಿಸಿ ಕೊಡುವಾಗ ಕೌಂಟರಿನ ಆಚೆ ನಿಂತಿರುತ್ತಿದ್ದ ಕೈಗಳನ್ನು ನಾನು ಗಮನಿಸುತ್ತಿದ್ದೆ. ಒಬ್ಬರಿಗೆ ಎರಡು ಬೆರಳಿಲ್ಲ, ಇನ್ನೊಬ್ಬರಿಗೆ ಕೂಗಿ ಹೇಳಿದರೂ ಕೇಳುವುದಿಲ್ಲ. ನಿವೃತ್ತಿಯ ನಂತರ ಇವರ ಮನೆಗಳಿಗೆ ಹೋಗಿ ಮಾತು ಧ್ವನಿಮುದ್ರಿಸಿಕೊಳ್ಳುವುದನ್ನೂ, ಕಾಗದಪತ್ರ ಸರಿ ಮಾಡಿಸುವುದನ್ನೂ ಒಟ್ಟಿಗೆ ಕೈಗೆತ್ತಿಕೊಂಡೆ. ಈ ಎರಡು ಕೆಲಸ ಬೇರೆ ಬೇರೆಯಲ್ಲ. ಕಾಗದ ನೋಡದೆ ಕಥೆ ತೆರೆಯುವುದಿಲ್ಲ. ಕಥೆ ಕೇಳದಿದ್ದರೆ ಕಾಗದದಲ್ಲಿ ಏನು ತಪ್ಪಿದೆ ಎಂಬುದು ತಿಳಿಯುವುದಿಲ್ಲ.

ಹೋದ ತಕ್ಷಣ ನಾನು ಕೇಳುವುದು ಟ್ರಂಕನ್ನು. "ಕಾಕಾ, ಡಿಸ್ಚಾರ್ಜ್ ಬುಕ್ ತೋರಿಸುತ್ತೀರಾ?" ಕಪ್ಪು ಬಣ್ಣದ, ಮೇಲೆ ಹೆಸರು, ನಂಬರು ಬರೆದ ತಗಡಿನ ಟ್ರಂಕು ಪ್ರತಿ ಮನೆಯಲ್ಲೂ ಇರುತ್ತದೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಸೇರಿದ ದಿನ, ಹುಟ್ಟಿದ ದಿನ, ಎತ್ತರ, ಗುರುತಿನ ಮಚ್ಚೆ, ಬಿಡುಗಡೆಯ ಕಾರಣ ಎಲ್ಲವೂ ಇರುತ್ತವೆ. ಅದನ್ನು ಗಟ್ಟಿಯಾಗಿ ಓದುತ್ತೇನೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅವರು ತಡೆದು, "ಆ ತಾರೀಖು ಸುಳ್ಳು, ತಮ್ಮಾ. ಆಗ ನನಗೆ ಹದಿನಾರು" ಎನ್ನುತ್ತಾರೆ. ಅಲ್ಲಿಂದ ಮಾತು ತಾನಾಗಿ ಹರಿಯುತ್ತದೆ. ಎದೆ ಅಳೆಯುವಾಗ ಉಸಿರು ಹಿಡಿದದ್ದು, ಬೀಳ್ಕೊಡಲು ಬಂದ ಅಪ್ಪ ಸ್ಟೇಶನ್ನಿನಲ್ಲಿ ಮುಖ ತಿರುಗಿಸಿ ನಿಂತದ್ದು, ಜೀವನದಲ್ಲಿ ಮೊದಲ ಬಾರಿಗೆ ಬೂಟು ಹಾಕಿದ್ದು.

ವಯಸ್ಸು ಹೆಚ್ಚಿಸಿ ಹೇಳಿ ಸೇರಿದವರು ಆ ಕಾಲದಲ್ಲಿ ಬಹಳ. ಅದರ ಲೆಕ್ಕ ಈಗಲೂ ಮುಗಿದಿಲ್ಲ. 80 ದಾಟಿದ ಪಿಂಚಣಿದಾರರಿಗೆ ಮೂಲ ಪಿಂಚಣಿಯ ಮೇಲೆ ಶೇಕಡಾ 20, 85ಕ್ಕೆ ಶೇಕಡಾ 30, 90ಕ್ಕೆ ಶೇಕಡಾ 40 ಹೆಚ್ಚುವರಿ ಸಿಗುತ್ತದೆ. ಅದಕ್ಕೆ ದಾಖಲೆಯಲ್ಲಿರುವ ಹುಟ್ಟಿದ ದಿನವೇ ಆಧಾರ. ದಾಖಲೆಯಲ್ಲಿ ತಾರೀಖು ಅಸ್ಪಷ್ಟವಾಗಿದ್ದರೆ ಈ ಹೆಚ್ಚುವರಿ ನಿಂತುಬಿಡುತ್ತದೆ. ನಾನು ನೋಡಿದ ಒಂದು ಮನೆಯಲ್ಲಿ 80 ದಾಟಿ ಬಹಳ ಕಾಲವಾಗಿದ್ದರೂ ಯಾರೂ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ.

ಎರಡನೆಯದು ಪದಕಗಳು. 1971ರಲ್ಲಿ ಪೂರ್ವದಲ್ಲಿ ಕಾದಾಡಿದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಕಾದಾಡಿದವರಿಗೆ ಪಶ್ಚಿಮಿ ಸ್ಟಾರ್. 1965ರವರಿಗೆ ಸಮರ ಸೇವಾ ಸ್ಟಾರ್. ಪದಕದ ಮೇಲೆ ನಂಬರು, ಹೆಸರು ಕೆತ್ತಿರುತ್ತದೆ. ಹಳೆಯ ಪತ್ರಗಳು ಉಳಿದಿದ್ದರೆ ಇನ್ನೂ ಒಳ್ಳೆಯದು. ಸೈನಿಕನ ಪತ್ರದಲ್ಲಿ ಊರಿನ ಹೆಸರು ಇರುವುದಿಲ್ಲ, 56 ಎಪಿಒ (ಸೇನಾ ಅಂಚೆ ಕಚೇರಿ) ಅಥವಾ 99 ಎಪಿಒ ಎಂದಷ್ಟೇ ಇರುತ್ತದೆ. 56 ಎಂದರೆ ದೆಹಲಿಯ ಮೂಲಕ ಹೋಗುವ ಅಂಚೆ, 99 ಎಂದರೆ ಕೋಲ್ಕತ್ತದ ಮೂಲಕ. ಅಂಚೆಯವನಾದ ನನಗೆ ಇದು ಮೊದಲಿನಿಂದ ಗೊತ್ತಿತ್ತು. ಆದರೆ ಮನೆಯವರಿಗೆ ಗೊತ್ತಿರಲಿಲ್ಲ. ಅಪ್ಪ ಆ ವರ್ಷ ಎಲ್ಲಿದ್ದರು ಎಂದು ಮಕ್ಕಳಿಗೆ ತಿಳಿದದ್ದು ಅಂಥ ಒಂದು ಇನ್‌ಲ್ಯಾಂಡ್ ಪತ್ರ ನೋಡಿದ ಮೇಲೆ.

ಇವೆರಡೂ ಕೈಯಲ್ಲಿದ್ದರೆ ನಕ್ಷೆ ಹಾಸಬಹುದು. 1971ರಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೇ ಬೆಟಾಲಿಯನ್, ಅಂದರೆ ಜಂಗಿ ಪಲ್ಟನ್, ಈಗಿನ ಬಾಂಗ್ಲಾದೇಶದ ಜಮಾಲ್‌ಪುರದಲ್ಲಿತ್ತು. ಡಿಸೆಂಬರ್ ಮೊದಲ ವಾರದಲ್ಲಿ ಬ್ರಹ್ಮಪುತ್ರ ದಾಟಿ ಪಟ್ಟಣದ ದಕ್ಷಿಣಕ್ಕೆ ಹೋಗಿ, ಢಾಕಾ ಕಡೆಗಿನ ರಸ್ತೆಯನ್ನು ತಡೆದು ಕುಳಿತಿತ್ತು. ಶರಣಾಗಲು ಹೇಳಿ ಕಳಿಸಿದ ಪತ್ರಕ್ಕೆ ಪಾಕಿಸ್ತಾನಿ ಕಮಾಂಡರ್ ಗುಂಡೊಂದನ್ನು ಸುತ್ತಿ ಉತ್ತರ ಕಳಿಸಿದ ಪ್ರಸಂಗ ಪುಸ್ತಕಗಳಲ್ಲಿದೆ. ಡಿಸೆಂಬರ್ 10ರ ರಾತ್ರಿ ಒಳಗಿದ್ದ ಪಡೆ ಮುತ್ತಿಗೆ ಸೀಳಿ ಹೊರಬರಲು ನುಗ್ಗಿತು; ಜಂಗಿ ಪಲ್ಟನ್ ಅದನ್ನು ತಡೆಯಿತು. ಮರುದಿನ ಟಾಂಗೈಲ್‌ನಲ್ಲಿ ಪ್ಯಾರಾಶೂಟಿನಲ್ಲಿ ಆಕಾಶದಿಂದ ಇಳಿದ 2 ಪ್ಯಾರಾ ಬೆಟಾಲಿಯನ್ ಕೂಡ ಮೂಲದಲ್ಲಿ ಮರಾಠಾ ಪಲ್ಟನ್ನೇ. ಡಿಸೆಂಬರ್ 16ರಂದು ಢಾಕಾ ಹೊಕ್ಕ ಮೊದಲಿಗರು ಅವರು.

ಆ ರಾತ್ರಿ ಜಮಾಲ್‌ಪುರದ ಮೋರ್ಚಾದಲ್ಲಿದ್ದ ಒಬ್ಬರು ನನಗೆ ಗುಂಡಿನ ಕಥೆ ಹೇಳಲಿಲ್ಲ. ನದಿ ದಾಟಿದ ಮೇಲೆ ಒದ್ದೆಯಾದ ಕಾಲುಚೀಲ ಎರಡು ದಿನ ಒಣಗಲಿಲ್ಲ ಎಂದರು. ಜೇಬಿನಲ್ಲಿದ್ದ ಶಕ್ಕರಪಾರೆ ನೀರು ಕುಡಿದು ಹಿಟ್ಟಾಗಿತ್ತಂತೆ, ಅದನ್ನೇ ಪಕ್ಕದವನೊಡನೆ ಹಂಚಿಕೊಂಡು ತಿಂದರಂತೆ. ಪಕ್ಕದವನಿಗೆ ಇನ್ನೂ ಮೀಸೆ ಬಂದಿರಲಿಲ್ಲ. "ಬೆಳಿಗ್ಗೆ ಅವನು ಇರಲಿಲ್ಲ" ಎಂದು ಹೇಳಿ ಸುಮ್ಮನಾದರು. ನಾನು ಧ್ವನಿಮುದ್ರಣ ನಿಲ್ಲಿಸಿದೆ. ಹೀಗೆ ಮಾತು ನಿಂತಾಗ ಮುಂದಿನ ಪ್ರಶ್ನೆ ಕೇಳಬಾರದು. "ಎಷ್ಟು ಜನರನ್ನು ಹೊಡೆದಿರಿ?" ಎಂದು ಯಾವತ್ತೂ ಕೇಳಬಾರದು. ಊರ ಹುಡುಗರು ಇದನ್ನೇ ಮೊದಲು ಕೇಳುತ್ತಾರೆ, ಅದಕ್ಕೇ ಆ ಮುದುಕರು ಊರ ಹುಡುಗರೊಡನೆ ಮಾತಾಡುವುದಿಲ್ಲ.

ಬೆಳಗಿನ ಚಹಾ ಆದ ಮೇಲೆ ಹೋಗುವುದು ಒಳ್ಳೆಯದು. ಸಂಜೆಯ ಮಾತು ರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ ಎಂದು ಅವರ ಹೆಂಡತಿಯರೇ ನನಗೆ ಹೇಳಿದ್ದಾರೆ. ಮೊಬೈಲನ್ನು ಮಡಿಸಿದ ಟವೆಲ್ ಮೇಲೆ ಇಟ್ಟು, ದಿನಾಂಕ ಮತ್ತು ಊರನ್ನು ಮೊದಲೇ ಹೇಳಿ ಶುರು ಮಾಡುತ್ತೇನೆ. ಅಳಿಸಿ ಎಂದರೆ ಅವರ ಕಣ್ಣೆದುರಿಗೇ ಅಳಿಸುತ್ತೇನೆ.

ಮನೆಯ ಹೆಂಗಸರು ಜೊತೆಯಲ್ಲಿ ಕೂಡಲೇಬೇಕು ಎಂಬುದು ನನ್ನ ಹಠ. 1962ರಲ್ಲಿ ನೇಫಾದಲ್ಲಿ (ಈಗಿನ ಅರುಣಾಚಲ ಪ್ರದೇಶ) ಸೆರೆಸಿಕ್ಕ ಒಬ್ಬರ ಮನೆಯಲ್ಲಿ ಅರ್ಧ ಕಥೆ ಹೇಳಿದವರು ಅವರ ಹೆಂಡತಿ. ಆ ಯುದ್ಧದಲ್ಲಿ ನಮ್ಮ ಸುಮಾರು 3,900 ಸೈನಿಕರು ಚೀನೀಯರ ಸೆರೆಯಾದರು. ಹತ್ತಿಯ ಸಮವಸ್ತ್ರದಲ್ಲಿ, .303 ರೈಫಲ್ ಹಿಡಿದು ಹಿಮದ ಬೆಟ್ಟಕ್ಕೆ ಹತ್ತಿದ ಹುಡುಗರು ಅವರು. ಈ ಮನೆಗೆ ಬಂದದ್ದು "ನಾಪತ್ತೆ" ಎಂಬ ತಂತಿ. ಆಗ ಆಕೆಗೆ ಹದಿನೈದು. ಮದುವೆಯಾಗಿ ಗಂಡನೊಡನೆ ಇದ್ದದ್ದು ಒಂದು ರಜೆಯಷ್ಟು ಕಾಲ. ಬಂಧುಗಳು ಕುಂಕುಮ ಅಳಿಸಲು ಹೇಳಿದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತರಂತೆ. ಟಿಬೆಟಿನ ಶಿಬಿರದಲ್ಲಿ ತಿಂಗಳುಗಟ್ಟಲೆ ಬೇಯಿಸಿದ ಮೂಲಂಗಿ ತಿಂದು ಆತ 1963ರಲ್ಲಿ ಮರಳಿ ಬಂದರು. ಆ ತಂತಿಯ ದಿನ ಮನೆಯಲ್ಲಿ ಏನಾಯಿತು ಎಂದು ಆತ ಒಮ್ಮೆಯೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ನನ್ನೆದುರಿಗೇ ಮೊದಲ ಬಾರಿ ಕೇಳಿಸಿಕೊಂಡು, "ಆಯಿ ಅಡ್ಡ ನಿಂತಳೇ?" ಎಂದು ಎರಡು ಸಲ ಕೇಳಿದರು.

ಯುದ್ಧ ಮುಗಿದ ನಂತರದ ಬದುಕನ್ನು ಯಾರೂ ದಾಖಲಿಸುವುದಿಲ್ಲ, ನನಗೆ ಅದರದೇ ಸಂಕಟ. ಜವಾನ ಬಿಡುಗಡೆಯಾಗುವಾಗ ಮೂವತ್ತೈದರ ಆಸುಪಾಸಿನಲ್ಲಿರುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿ. ನಮ್ಮ ಕಡೆ ಹೆಚ್ಚಿನವರು ಸಕ್ಕರೆ ಕಾರ್ಖಾನೆಯ ಗೇಟಿಗೋ ಬ್ಯಾಂಕಿನ ಬಾಗಿಲಿಗೋ ಕಾವಲುಗಾರರಾದರು. ಹದಿನೈದು ವರ್ಷ ಸೇವೆ ತುಂಬದೆ ಮನೆಗೆ ಬಂದ ಜವಾನನಿಗೆ ಸೇವಾ ಪಿಂಚಣಿ ಇಲ್ಲ. ಯುದ್ಧ ನೋಡಿ ಬಂದವನು, ಅಪ್ಪ ಸತ್ತರು, ಹೊಲ ನೋಡುವವರಿಲ್ಲ ಎಂದು ಬಿಟ್ಟು ಬಂದಿದ್ದರೂ ಅಷ್ಟೇ. ಇಂಥವರಿಗೆ, ಹವಾಲ್ದಾರ್ ದರ್ಜೆಯವರೆಗೆ, 65 ದಾಟಿದ ಮೇಲೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಸಂಕಷ್ಟದ ಸಹಾಯಧನವಿದೆ. ತಿಂಗಳಿಗೆ 4,000 ರೂಪಾಯಿ ಇದ್ದದ್ದನ್ನು 2025ರಲ್ಲಿ 8,000ಕ್ಕೆ ಏರಿಸಿದರು. ಪಿಂಚಣಿ ಇಲ್ಲದ ವಿಧವೆಯರಿಗೂ ಇದು ಸಿಗುತ್ತದೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅರ್ಜಿ ಹೋಗಬೇಕು. ಮನೆಯಲ್ಲಿ ಪಿಂಚಣಿ ಇಲ್ಲವಲ್ಲ, ಕಚೇರಿಗೆ ಹೋಗುವುದೇಕೆ ಎಂದು ಕುಳಿತವರೇ ಹಳ್ಳಿಗಳಲ್ಲಿ ಹೆಚ್ಚು.

ಪಿಂಚಣಿ ಇರುವವರ ಕಷ್ಟ ಬೇರೆ. ಈಗ ರಕ್ಷಣಾ ಪಿಂಚಣಿ ಸ್ಪರ್ಶ್ ಎಂಬ ವ್ಯವಸ್ಥೆಯಲ್ಲಿದೆ, ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಎಂದು ತೋರಿಸಬೇಕು. ಸಲಿಕೆ ಹಿಡಿದು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಹಿಮಕ್ಕೆ ಸತ್ತ ಬೆರಳಂತೂ ಇಲ್ಲವೇ ಇಲ್ಲ. ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಜೀವಿತ ಪ್ರಮಾಣಪತ್ರದ ವ್ಯವಸ್ಥೆಯಲ್ಲಿ ಮುಖ ತೋರಿಸಿ ಮೊಬೈಲಿನಿಂದಲೇ ಮಾಡುವ ದಾರಿ ಇದೆ. ನಾನು ಹೆಚ್ಚಾಗಿ ಅದನ್ನೇ ಬಳಸುತ್ತೇನೆ, ಬೆಳಕಿಗೆ ಎದುರಾಗಿ ಅಂಗಳದಲ್ಲಿ ಕೂಡಿಸಿ. ಕಣ್ಣು ಮಿಟುಕಿಸಿ ಎಂದರೆ ಹಳೆಯ ಡ್ರಿಲ್ಲಿನ ಶಿಸ್ತಿನಲ್ಲಿ ಕಣ್ಣು ಮುಚ್ಚಿ ತೆರೆಯುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಅಲೆದಾಟ ಹೆಂಡತಿಯ ಹೆಸರಿನಲ್ಲಿದೆ. ಮದುವೆಯಾದಾಗ ಪಲ್ಟನ್ನಿಗೆ ಬರೆದು ಕಳಿಸಿದ್ದು ಗಂಡನ ಮನೆಯಲ್ಲಿ ಇಟ್ಟ ಹೆಸರು, ಆಧಾರ್ ಕಾರ್ಡಿನಲ್ಲಿರುವುದು ತವರಿನ ಹೆಸರು. ಆತ ಇರುವಾಗಲೇ ಇದನ್ನು ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆದು ಸರಿಮಾಡಿಸಿದರೆ ಕೆಲಸ ಸುಲಭ. ಆತ ತೀರಿಕೊಂಡ ಮೇಲೆ ಆ ಮುದುಕಿ ತಾನು ತನ್ನ ಗಂಡನ ಹೆಂಡತಿ ಎಂದು ಸಾಬೀತು ಮಾಡಲು ಅಫಿಡವಿಟ್ಟು ಹಿಡಿದು ತಿರುಗಬೇಕು. ಒಂದು ಕಚೇರಿಯ ಕಿಟಕಿಯಲ್ಲಿ, ಐವತ್ತು ವರ್ಷ ಸಂಸಾರ ಮಾಡಿದ ಒಬ್ಬಾಕೆಯನ್ನು "ನೀವು ಯಾರು?" ಎಂದು ಕೇಳಿದ್ದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದೇನೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

1971ರಲ್ಲಿ ಹದಿನೆಂಟಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ, 1962ರವರು ಎಂಬತ್ತು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥವರೊಬ್ಬರು ಇದ್ದರೆ ಈ ಭಾನುವಾರ ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟಗಳ ಫೋಟೊ ತೆಗೆದುಕೊಳ್ಳಿ, ಪಿಪಿಒ (ಪಿಂಚಣಿ ಪಾವತಿ ಆದೇಶ) ಕಾಗದದಲ್ಲಿ ಹೆಂಡತಿಯ ಹೆಸರು ಮತ್ತು ಹುಟ್ಟಿದ ದಿನ ಆಧಾರ್‌ಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಅವರ ಸಹಿಯಿರುವ ಅರ್ಜಿ ಅದೇ ವಾರ ಹೋಗಲಿ. ಮೊದಲ ಬೂಟಿನ ಬಗ್ಗೆ ಕೇಳುವುದು ಅದಾದ ಮೇಲೆ.