ಎಲ್ಲಾ ಹಸಿರು, ಒಟಿಪಿ ಮಾತ್ರ ಲೇಟು: ಎಸ್‌ಟಿಪಿ ಕಾಯುವ ಸಾಫ್ಟ್‌ವೇರ್ ನಾನೇ ಕಟ್ಟಿಕೊಂಡ ಕಥೆ

ನಮ್ಮ ಕಂಟ್ರೋಲ್ ರೂಮಿನ ಮೂಲೆಯಲ್ಲಿ ಒಂದು ವಿಂಡೋಸ್ 7 ಪಿಸಿ ಇತ್ತು. ಅದರ ಮೇಲೆ ಸೆಲ್ಲೋಟೇಪ್ ಹಾಕಿ ಒಂದು ಚೀಟಿ ಅಂಟಿಸಿದ್ದರು: "ದಯವಿಟ್ಟು ಏನನ್ನೂ ಅಪ್‌ಡೇಟ್ ಮಾಡಬೇಡಿ." ಎಸ್‌ಟಿಪಿ ಅಂದರೆ ಫೋನ್ ನೆಟ್‌ವರ್ಕ್‌ನ ಸಿಗ್ನಲಿಂಗ್ ಮೆಸೇಜ್‌ಗಳನ್ನು ಸರಿಯಾದ ದಾರಿಗೆ ಕಳಿಸುವ ನೋಡ್. ಅದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್, ಅಂದರೆ ಇಎಂಎಸ್, ಓಡುತ್ತಿದ್ದದ್ದು ಆ ಪಿಸಿಯೊಂದರಲ್ಲೇ. ಜಾವಾ ಆಪ್ಲೆಟ್ ಕಾಲದ ಸಾಫ್ಟ್‌ವೇರ್. ಕ್ರೋಮ್ 2015ರಲ್ಲೇ ಅಂಥ ಪ್ಲಗಿನ್‌ಗಳಿಗೆ ಬಾಗಿಲು ಹಾಕಿತ್ತು. ನಾವು ಮಾತ್ರ ಹಳೇ ಎಕ್ಸ್‌ಪ್ಲೋರರ್ ಕಾಲು ಹಿಡಿದುಕೊಂಡು ಕೂತಿದ್ದೆವು.

ನಾವು ಬೆಂಗಳೂರಿನ ಚಿಕ್ಕ ತಂಡ. ಒಬ್ಬ ಆಪರೇಟರ್‌ಗೆ ಎಸ್‌ಎಂಎಸ್‌ಸಿ (ಎಸ್ಸೆಮ್ಮೆಸ್ ಪಡೆದು ಮುಂದೆ ಕಳಿಸುವ ಕೇಂದ್ರ), ಅದರ ಮುಂದೆ ಒಂದು ಜೊತೆ ಎಸ್‌ಟಿಪಿ ನೋಡಿಕೊಳ್ಳುತ್ತೇವೆ. ಹೊಸ ಇಎಂಎಸ್‌ಗೆ ವೆಂಡರ್ ಕೊಟ್ಟ ಕೊಟೇಶನ್ ಸುಮಾರು 18 ಲಕ್ಷ. ವರ್ಷದ ನಿರ್ವಹಣೆ ಒಪ್ಪಂದ (ಎಎಂಸಿ) ಬೇರೆ. ಇಬ್ಬರಿಗಿಂತ ಜಾಸ್ತಿ ಜನ ಒಟ್ಟಿಗೆ ಲಾಗಿನ್ ಆದರೆ ಅದಕ್ಕೂ ಕಾಸು. ಮೀಟಿಂಗ್‌ನಲ್ಲಿ ನಾನು ಸುಮ್ನೆ ಇರಬೇಕಿತ್ತು. "ನಾನೇ ಮಾಡ್ತೀನಿ" ಅಂದುಬಿಟ್ಟೆ.

ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ. 1986ರಲ್ಲಿ ಕಿತ್ತೂರಿಗೆ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನಿನ ಎಕ್ಸ್‌ಚೇಂಜ್ ಬಂದ ಕಾಲದಿಂದ ಇದೇ ಕೆಲಸದಲ್ಲಿ ಇರುವವರು. "ಮರಿ, ಲೈವ್ ನೋಡ್ ಜೊತೆ ಆಟ ಬೇಡ. ಅಲಾರಂ ನೋಡು, ಸಾಕು" ಅಂದರು. ಅಲಾರಂ ಮೇಲೆ ನನಗೆ ನಂಬಿಕೆ ಹೋಗಿದ್ದೇ ಇಷ್ಟಕ್ಕೆಲ್ಲ ಕಾರಣ. ಲಿಂಕ್ ಎದ್ದಿದೆ, ಎಎಸ್‌ಪಿ (ಲಿಂಕಿನ ತುದಿಯಲ್ಲಿ ಓಡುವ ಪ್ರಕ್ರಿಯೆ) ಆ್ಯಕ್ಟಿವ್ ಇದೆ, ಪರದೆಯೆಲ್ಲ ಹಸಿರು. ಆದರೂ ಜನ ಒಟಿಪಿ ತಡವಾಗಿ ಬರ್ತಿದೆ ಅಂತ ಬೈಯುತ್ತಿದ್ದರು.

ಮೊದಲ ಪ್ರಯತ್ನ ನಾಚಿಕೆಗೇಡು. ಎಸ್‌ಎನ್‌ಎಂಪಿ ಟ್ರಾಪ್ (ಉಪಕರಣ ತಾನಾಗಿ ಕಳಿಸುವ ಎಚ್ಚರಿಕೆ) ಬಂದರೆ ನನಗೆ ಮೇಲ್ ಬರುವ ಹಾಗೆ ಮಾಡಿದೆ. ಒಂದು ರಾತ್ರಿ ಒಂದು ಲಿಂಕ್ ಎದ್ದು ಬಿದ್ದು ಆಡಿತು. ಬೆಳಿಗ್ಗೆ ನೋಡಿದರೆ 4,000ಕ್ಕೂ ಜಾಸ್ತಿ ಮೇಲ್, ಫೋನ್ ಸತ್ತು ಬಿದ್ದಿತ್ತು. ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದು. ಟ್ರಾಪ್ ಬರುವುದು ಯುಡಿಪಿಯಲ್ಲಿ, ತಲುಪಿತಾ ಅಂತ ಅದು ನೋಡುವುದಿಲ್ಲ. ನೆಟ್‌ವರ್ಕ್ ಹಾಳಾಗಿದೆ ಅಂತ ಹೇಳಬೇಕಾದ ಟ್ರಾಪ್ ಅದೇ ಹಾಳಾದ ನೆಟ್‌ವರ್ಕ್‌ನಲ್ಲಿ ಕಳೆದುಹೋಗುತ್ತಿತ್ತು.

ಎರಡನೆಯದರಲ್ಲಿ ಕೈ ಸುಟ್ಟಿತು. ಕಾನ್ಫಿಗರೇಶನ್ ಎಲ್ಲ ಪಠ್ಯದ ಫೈಲ್‌ನಲ್ಲಿಟ್ಟು, ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಹಾಕಿ, ಪೈಥಾನ್ ಸ್ಕ್ರಿಪ್ಟ್‌ನಿಂದ ಎಂಎಂಎಲ್ ಕಮಾಂಡ್ (ನೋಡ್‌ಗೆ ಸಾಲು ಸಾಲಾಗಿ ಟೈಪ್ ಮಾಡುವ ಆದೇಶ) ಕಳಿಸುವುದು ನನ್ನ ಲೆಕ್ಕ. ಲ್ಯಾಬ್‌ನಲ್ಲಿ ಬೆಣ್ಣೆಯಂತೆ ಓಡಿತು. ಲೈವ್‌ನಲ್ಲಿ ಓಡಿಸಿದಾಗ ಕಮಾಂಡ್ ನಡುವೆ ಒಂದು ಅಲಾರಂ ಸಾಲು ತಾನಾಗಿ ಮುದ್ರಣವಾಯಿತು. ಅದರಲ್ಲಿ ">" ಚಿಹ್ನೆ ಇತ್ತು. ನನ್ನ ಸ್ಕ್ರಿಪ್ಟ್ ಅದನ್ನೇ ಪ್ರಾಂಪ್ಟ್ (ಮುಂದಿನ ಕಮಾಂಡ್ ಕೊಡು ಅನ್ನುವ ಗುರುತು) ಅಂದುಕೊಂಡು ಮುಂದಿನ ಕಮಾಂಡ್ ತಳ್ಳಿತು. ಲಿಂಕ್‌ಸೆಟ್ (ಒಂದೇ ಪಕ್ಕದ ನೋಡ್‌ಗೆ ಹೋಗುವ ಲಿಂಕ್‌ಗಳ ಗುಂಪು) ಬದಲಾಯಿಸುವ ಸಾಲು ನುಂಗಿಹೋಗಿ, "ಡಿಆ್ಯಕ್ಟಿವೇಟ್" ಹಿಂದಿನ ಲಿಂಕ್‌ಸೆಟ್ ಮೇಲೆ ಬಿತ್ತು. ಹಗಲು 11 ಗಂಟೆ. ಸುಮಾರು 11 ನಿಮಿಷ ಸೇವೆ ಅರ್ಧಕ್ಕರ್ಧ. ಆ ತಿಂಗಳ ಬಿಲ್‌ನಲ್ಲಿ 40 ಸಾವಿರದ ಹತ್ತಿರ ಕಡಿತ. ಹಿರಿಯರು ಏನೂ ಹೇಳಲಿಲ್ಲ. ನನ್ನ ಟೇಬಲ್ ಮೇಲೆ ಟೀ ಇಟ್ಟು ಹೋದರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಈಗ ನೋಡ್ ಹೆಸರು ಸಮೇತ ಪೂರ್ತಿ ಪ್ರಾಂಪ್ಟ್ ಬಂದರೆ ಮಾತ್ರ ಮುಂದಿನ ಸಾಲು. ಪ್ರತಿ ಬದಲಾವಣೆಯ ನಂತರ ಅದೇ ವಸ್ತುವನ್ನು ವಾಪಸ್ ಓದಿ, ನಾನು ಬರೆದದ್ದೇ ಕೂತಿದೆಯಾ ಅಂತ ನೋಡುತ್ತದೆ. ಡಿಆ್ಯಕ್ಟಿವೇಟ್, ಡಿಲೀಟ್ ಎರಡನ್ನೂ ಸ್ಕ್ರಿಪ್ಟ್ ತಾನಾಗಿ ಮಾಡುವುದಿಲ್ಲ. ಮನುಷ್ಯ ಲಿಂಕ್‌ಸೆಟ್ ಹೆಸರನ್ನು ಕೈಯಿಂದ ಟೈಪ್ ಮಾಡಬೇಕು. ವೈ ಒತ್ತಿ ಮುಂದೆ ಹೋಗುವ ಹಾಗಿಲ್ಲ.

ಪಾಯಿಂಟ್ ಕೋಡ್, ಅಂದರೆ ಪ್ರತಿ ನೋಡ್‌ನ 14 ಬಿಟ್ ವಿಳಾಸ, ಅದರ ಕಥೆ ಬೇರೆ ಇದೆ. ಒಬ್ಬರು ದಶಮಾಂಶದಲ್ಲಿ ಕೊಡುತ್ತಾರೆ, ಇನ್ನೊಬ್ಬರು 3-8-3ರಲ್ಲಿ, ಅಂದರೆ 3, 8, 3 ಬಿಟ್‌ನ ಮೂರು ತುಂಡು ಮಾಡಿ. ಅದನ್ನು ಕೂಡಿಸಿಕೊಳ್ಳುವುದು ನಮಗೆಲ್ಲ ರೂಢಿ. ಆದರೆ ಕೋಡ್ 2-10-3 ಅಂತ ಇರುವ ಶೀಟ್ ಎಕ್ಸೆಲ್ ಮೂಲಕ ಬಂತು. ಎಕ್ಸೆಲ್ ಅದನ್ನು ತಾರೀಕು ಅಂತ ತಿಳಿದು 02-10-2003 ಮಾಡಿತು. ಪಾಯಿಂಟ್ ಕೋಡ್ ಹೋಗಿ ಗಾಂಧಿ ಜಯಂತಿ ಆಯ್ತು! ನನ್ನ ಸ್ಕ್ರಿಪ್ಟ್‌ಗೆ ಸಿಕ್ಕಿದ್ದು ಅದರ ಒಳಗಿನ ಸಂಖ್ಯೆ, 37896. ಬರಬೇಕಿದ್ದದ್ದು 4179. 14 ಬಿಟ್‌ನಲ್ಲಿ 16383ಕ್ಕಿಂತ ಮೇಲೆ ಜಾಗವೇ ಇಲ್ಲವಲ್ಲ, ಹಾಗಾಗಿ ತಪಾಸಣೆಯಲ್ಲೇ ಸಿಕ್ಕಿಬಿತ್ತು. ಹಳೇ ಇಎಂಎಸ್‌ನಲ್ಲಿ ಕೈಯಿಂದ ಟೈಪ್ ಮಾಡುವಾಗ ಇಂಥದ್ದೆಷ್ಟು ಒಳಗೆ ಹೋಗಿದ್ದವೋ ದೇವರಿಗೇ ಗೊತ್ತು. ಅಂದಿನಿಂದ ನಮ್ಮ ಆಫೀಸಿನಲ್ಲಿ ತಪ್ಪು ಪಾಯಿಂಟ್ ಕೋಡ್‌ಗೆ "ಗಾಂಧಿ ಜಯಂತಿ" ಅಂತಲೇ ಹೆಸರು.

ಇನ್ನು ಕಣ್ಗಾವಲು. ಎಸ್‌ಪಿ ರೋಡಿನಲ್ಲಿ 38 ಸಾವಿರಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಸರ್ವರ್ ತಂದೆ. ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲ ಸೇರಿ 70 ಸಾವಿರದೊಳಗೆ ಮುಗಿಯಿತು. ಸ್ವಿಚ್‌ನಲ್ಲಿ ಮಿರರ್ ಪೋರ್ಟ್ (ಓಡಾಡುವ ಪ್ಯಾಕೆಟ್‌ಗಳ ನಕಲು ಕೊಡುವ ಪೋರ್ಟ್) ಹಾಕಿ, ಪ್ಯಾಕೆಟ್ ಬಿಡಿಸಿ ಓದುವ ಟಿಶಾರ್ಕ್ ಓಡಿಸಿದೆ. ಎರಡು ದಿನಕ್ಕೆ ಮೆಮೊರಿಯೆಲ್ಲ ತಿಂದು ಸತ್ತಿತು. ಟಿಶಾರ್ಕ್ ಹಳೆಯ ಡೈಲಾಗ್‌ಗಳನ್ನೆಲ್ಲ ನೆನಪಿಟ್ಟುಕೊಂಡು ಕೂರುತ್ತದೆ, ಅದರ ಸ್ವಭಾವವೇ ಹಾಗೆ. ಆಮೇಲೆ ಪ್ಯಾಕೆಟ್ ಹಿಡಿದಿಡುವುದಷ್ಟೇ ಮಾಡುವ ಡಂಪ್‌ಕ್ಯಾಪ್‌ನಿಂದ ಒಂದೊಂದು ನಿಮಿಷದ ಫೈಲ್ ಮಾಡಿ, ಪ್ರತಿ ಫೈಲ್‌ಗೂ ಹೊಸ ಟಿಶಾರ್ಕ್ ಓಡಿಸಿದೆ. ಒಂದು ಫೈಲ್‌ನಲ್ಲಿ ಬಿಗಿನ್ (ಪ್ರಶ್ನೆ), ಮುಂದಿನದರಲ್ಲಿ ಎಂಡ್ (ಉತ್ತರ) ಬಂದರೆ ಜೋಡಿಸಲು ಟ್ರಾನ್ಸಾಕ್ಷನ್ ಐಡಿಗಳ ಪಟ್ಟಿಯನ್ನು ನನ್ನ ಸ್ಕ್ರಿಪ್ಟೇ ಇಟ್ಟುಕೊಳ್ಳುತ್ತದೆ. ಮೆಸೇಜ್ ಒಳಗಿನ ಮಾತು ನಮಗೆ ಬೇಡ. ಎಣಿಕೆ ಮುಗಿದ ತಕ್ಷಣ ಫೈಲ್ ಅಳಿಸಿಹೋಗುತ್ತದೆ.

ಮೊದಲ ವಾರ ಗ್ರಾಫ್ ತೋರಿಸುವ ಗ್ರಾಫಾನಾದಲ್ಲಿ ಟ್ರಾಫಿಕ್ ದುಪ್ಪಟ್ಟು ಕಂಡಿತು. ಬಾಸ್ ಖುಷಿಯಾಗಿ ಮೇಲಿನವರಿಗೆ ಸ್ಕ್ರೀನ್‌ಶಾಟ್ ಕಳಿಸಿಬಿಟ್ಟರು. ಆಮೇಲೆ ಗೊತ್ತಾಯಿತು, ಮಿರರ್ ಎರಡು ಪೋರ್ಟ್‌ನಿಂದಲೂ ಅದೇ ಪ್ಯಾಕೆಟ್ ಕೊಡುತ್ತಿತ್ತು. ಮೆಸೇಜ್ ಹೊತ್ತೊಯ್ಯುವ ಪ್ರೋಟೋಕಾಲ್ ಎಸ್‌ಸಿಟಿಪಿಯ ವೆರಿಫಿಕೇಶನ್ ಟ್ಯಾಗ್ (ಸಂಪರ್ಕದ ಗುರುತು) ಮತ್ತು ಟಿಎಸ್‌ಎನ್ (ಕ್ರಮಸಂಖ್ಯೆ) ಎರಡನ್ನೂ ಸೇರಿಸಿ ನೋಡಿದರೆ ನಕಲು ಯಾವುದು ಅಂತ ತಿಳಿಯುತ್ತದೆ. ಮರುಪ್ರಸಾರವಾದದ್ದೂ ಅಲ್ಲೇ ಸೋಸಿಹೋಗುತ್ತದೆ. ಬಾಸ್‌ಗೆ ಹೇಳಲು ಮಾತ್ರ ಎರಡು ದಿನ ಧೈರ್ಯ ಬರಲಿಲ್ಲ.

ಎಣಿಸುವುದು ಏನನ್ನು? ಕೇಳಿದ ಪ್ರಶ್ನೆಗೆ ಉತ್ತರ ಬಂತಾ, ಅಷ್ಟೇ. ಬಿಗಿನ್ ಎಷ್ಟು ಹೋಯಿತು, ಅದಕ್ಕೆ ಎಂಡ್ ಎಷ್ಟು ಬಂತು. ಎಚ್‌ಎಲ್‌ಆರ್ (ಗ್ರಾಹಕರ ದಾಖಲೆ ಇರುವ ನೋಡ್) "ಅಂಥ ಗ್ರಾಹಕ ಸಿಗ್ತಿಲ್ಲ" ಅಂದರೂ ನನಗೆ ಸಂತೋಷವೇ. ಆ ದಾರಿ ಬದುಕಿದೆ ಅಂತ ತಾನೇ ಅರ್ಥ? ಇದನ್ನು ಒಟ್ಟಾರೆ ಲೆಕ್ಕ ಹಾಕಿದರೆ ಏನೂ ಕಾಣುವುದಿಲ್ಲ, ನಂಬರಿನ ಮೊದಲ ಅಂಕಿಗಳ ಪ್ರಕಾರ ಬಿಡಿಸಬೇಕು. ಯಾವ ಗುಂಪಿಗೆ ಎಷ್ಟು ಅಂಕಿ, ರಾತ್ರಿ ಟ್ರಾಫಿಕ್ ಕಡಿಮೆ ಇರುವಾಗ ಸುಳ್ಳು ಅಲಾರಂ ಬರದಂತೆ ಮಿತಿ ಹೇಗೆ ಇಳಿಸುವುದು, ಅದು ನನ್ನ ಹತ್ರಾನೇ ಇರಲಿ. ಅದಕ್ಕೆ ಮೂರು ತಿಂಗಳ ನಿದ್ದೆ ಕೊಟ್ಟಿದ್ದೇನೆ.

ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆ. ಎರಡು ಹಳೇ ಲ್ಯಾಪ್‌ಟಾಪ್‌ನಲ್ಲಿ ಆಸ್ಮೊ-ಎಸ್‌ಟಿಪಿ ಅನ್ನುವ ಮುಕ್ತ ಸಾಫ್ಟ್‌ವೇರ್ ಹಾಕಿ, ಎರಡು ದಾರಿ ಕೊಟ್ಟು, ಒಂದು ದಾರಿಯನ್ನು ಪೂರ್ತಿ ಮುಚ್ಚಿದೆ. ಎಸ್‌ಸಿಟಿಪಿಗೆ ಮಲ್ಟಿಹೋಮಿಂಗ್ (ಒಂದೇ ಸಂಪರ್ಕಕ್ಕೆ ಒಂದಕ್ಕಿಂತ ಹೆಚ್ಚು ದಾರಿ) ಇದೆ, ಕಣ್ಣು ಮಿಟುಕಿಸುವುದರಲ್ಲಿ ಇನ್ನೊಂದಕ್ಕೆ ಹಾರುತ್ತೆ ಅಂತ ನಂಬಿದ್ದೆ. ಒಂದು ನಿಮಿಷದ ಮೇಲೆ ಹಿಡಿಯಿತು! ಲಿನಕ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಕಾಯುವ ಸಮಯ 1 ಸೆಕೆಂಡ್‌ನಿಂದ ಶುರುವಾಗಿ ಪ್ರತಿ ಸಲ ದುಪ್ಪಟ್ಟಾಗುತ್ತದೆ. 1, 2, 4, 8, 16, 32. ಕೂಡಿಸಿ, 63 ಸೆಕೆಂಡ್. ಅಲ್ಲಿಯವರೆಗೆ ಹೊಸ ಮೆಸೇಜೆಲ್ಲ ಮೊದಲು ಸತ್ತ ದಾರಿಗೇ ಹೋಗಿ ಡಿಕ್ಕಿ ಹೊಡೆಯುತ್ತವೆ. ನಮ್ಮ ಎಸ್‌ಎಂಎಸ್‌ಸಿ ಕಡೆಯೂ ಅದೇ ಸೆಟ್ಟಿಂಗ್ ವರ್ಷಗಳಿಂದ ಇತ್ತು, ಯಾರೂ ಮುಟ್ಟಿರಲಿಲ್ಲ. ಆರ್‌ಟಿಒ (ಉತ್ತರಕ್ಕೆ ಕಾಯುವ ಸಮಯ) ಮಿತಿಗಳನ್ನೂ ಮರುಪ್ರಯತ್ನದ ಸಂಖ್ಯೆಯನ್ನೂ ಇಳಿಸಿ 2-3 ಸೆಕೆಂಡ್‌ಗೆ ತಂದೆವು. ನಮ್ಮ ಅಂಕಿ ನಕಲು ಮಾಡಬೇಡಿ, ನಿಮ್ಮ ಆರ್‌ಟಿಟಿ (ಪ್ಯಾಕೆಟ್ ಹೋಗಿ ಬರುವ ಸಮಯ) ಅಳೆದುಕೊಳ್ಳಿ.

ಇಷ್ಟಾದರೂ ಯಾರಿಗೂ ನಂಬಿಕೆ ಬಂದಿರಲಿಲ್ಲ. "ಚಂದದ ಗ್ರಾಫು" ಅಂತ ಮೂಗು ಮುರಿಯುತ್ತಿದ್ದರು. ನಂಬಿಕೆ ಬಂದದ್ದು ಒಂದು ಮಂಗಳವಾರ.

ಗ್ರಾಫ್‌ನಲ್ಲಿ 917, 918, 919 (ದೇಶದ ಕೋಡ್ 91, ಆಮೇಲೆ ನಂಬರಿನ ಮೊದಲ ಅಂಕಿ) ಗೆರೆಗಳು ಶೇಕಡಾ 98-99ರ ಹತ್ತಿರ ಓಡುತ್ತಿದ್ದವು. ಅಂಕಿಗಳ ಗುಂಪು ಆಗಷ್ಟೇ ಸರಿಮಾಡಿದ್ದೆ, 916ರ ಗೆರೆ ಅವತ್ತೇ ಮೊದಲು ಬೇರೆಯಾಗಿ ಕಂಡದ್ದು. ಸರಿಯಾಗಿ 50ರ ಮೇಲೆ ಮಲಗಿತ್ತು. 47 ಅಲ್ಲ, 60 ಅಲ್ಲ, ಅರ್ಧ. ಅರ್ಧ ಅಂದ ಕೂಡಲೇ ತಲೆಗೆ ಬಂದದ್ದು ಎಸ್‌ಎಲ್‌ಎಸ್, ಅಂದರೆ ಯಾವ ಮೆಸೇಜ್ ಯಾವ ಲಿಂಕಿಗೆ ಅಂತ ಹಂಚುವ ಅಂಕಿ. ಟ್ರಾಫಿಕ್ ಎರಡು ಎಸ್‌ಟಿಪಿಗೂ ಅರ್ಧರ್ಧ ಹಂಚಿಹೋಗುತ್ತದೆ, ಅಂದರೆ ಒಂದು ಎಸ್‌ಟಿಪಿ 6ರಿಂದ ಶುರುವಾಗುವ ನಂಬರ್‌ಗಳನ್ನು ನುಂಗುತ್ತಿದೆ.

ರಾತ್ರಿ ಹೊತ್ತು ನನ್ನ ಸ್ಕ್ರಿಪ್ಟ್ ಎರಡೂ ನೋಡ್‌ಗಳ ಡಂಪ್ ತೆಗೆದು ನಮ್ಮ ಫೈಲ್‌ಗೆ ಹೋಲಿಸುತ್ತಿತ್ತು. ಆದರೆ ಜಿಟಿಟಿ ಟೇಬಲ್ (ನಂಬರ್ ನೋಡಿ ದಾರಿ ಹೇಳುವ ಪಟ್ಟಿ) ದೊಡ್ಡದು, 3,000 ಸಾಲಿನ ಹತ್ತಿರ, ಆಮೇಲೆ ನೋಡೋಣ ಅಂತ ನಾನೇ ಬಿಟ್ಟಿದ್ದೆ. ಅವತ್ತು ಎರಡನ್ನೂ ಸಾರ್ಟ್ ಮಾಡಿ ಅಕ್ಕಪಕ್ಕ ಇಟ್ಟೆ. ಎರಡನೇ ಎಸ್‌ಟಿಪಿಯಲ್ಲಿ ಒಂದೇ ಒಂದು ಸಾಲು ಇರಲಿಲ್ಲ. 916.

ಹಳೇ ಲಾಗ್ ಹುಡುಕಿದಾಗ ಸಿಕ್ಕಿತು. ತಿಂಗಳುಗಳ ಹಿಂದೆ ಆ ಸಾಲು ಸೇರಿಸುವ ರಾತ್ರಿ ವಿಂಡೋಸ್ 7 ಪಿಸಿ ಮಧ್ಯದಲ್ಲಿ ಹ್ಯಾಂಗ್ ಆಗಿತ್ತು. ರೀಸ್ಟಾರ್ಟ್ ಮಾಡಿದವರು ಒಂದರಲ್ಲಿ ಹಾಕಿ, ಎರಡರಲ್ಲೂ ಆಯ್ತು ಅಂದುಕೊಂಡರು. ಹಾಗಾದರೆ ಯುಡಿಟಿಎಸ್ (ತಲುಪಿಸಲಾಗಲಿಲ್ಲ ಅಂತ ವಾಪಸ್ ಬರುವ ಮೆಸೇಜ್) ಯಾಕೆ ಬರಲಿಲ್ಲ? ನಮ್ಮ ಎಸ್‌ಎಂಎಸ್‌ಸಿ ಕಳಿಸುವ ಮೆಸೇಜ್‌ನಲ್ಲಿ ರಿಟರ್ನ್ ಆನ್ ಎರರ್ ಬಿಟ್ ಹಾಕಿರಲಿಲ್ಲ. ದಾರಿ ಸಿಗದ ಮೆಸೇಜನ್ನು ಎಸ್‌ಟಿಪಿ ಸದ್ದಿಲ್ಲದೆ ಕಸಕ್ಕೆ ಹಾಕುತ್ತಿತ್ತು. ಎಸ್‌ಎಂಎಸ್‌ಸಿ ಕೆಲವು ನಿಮಿಷ ಬಿಟ್ಟು ಮತ್ತೆ ಕಳಿಸುತ್ತಿತ್ತು, ಎರಡನೇ ಸಲ ಅರ್ಧ ದಾಟುತ್ತಿದ್ದವು, ಮೂರನೇ ಸಲ ಇನ್ನಷ್ಟು. ಕೊನೆಗೆ ಬಹುಪಾಲು ತಲುಪುತ್ತಿದ್ದವು. ದಿನದ ರಿಪೋರ್ಟ್ ಚೆನ್ನಾಗೇ ಕಾಣುತ್ತಿತ್ತು. ಒಟಿಪಿಗೆ ಕಾದು ಕೂತವನ ಸಮಯ ಮುಗಿದಿರುತ್ತಿತ್ತು, ಅಷ್ಟೇ. ಇಷ್ಟು ದಿನ ಎಲ್ಲರೂ ಹ್ಯಾಂಡ್‌ಸೆಟ್ ಸರಿಯಿಲ್ಲ ಅಂತ ಸಾಗಹಾಕಿದ್ದೆವು. ನಾನೂ ಹೇಳಿದ್ದೆ.

ಸಾಲು ಸೇರಿಸಲು 40 ಸೆಕೆಂಡ್ ಸಾಕಾಯಿತು. ಗೆರೆ 50ರಿಂದ ನೆಟ್ಟಗೆ ಮೇಲೆ ಎದ್ದಾಗ ಹಿರಿಯರು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. "ಇನ್ನೊಂದು ಸಲ ತೋರಿಸು" ಅಂದರು. ಹೇಗೆ ತೋರಿಸಲಿ, ಮತ್ತೆ ಡಿಲೀಟ್ ಮಾಡಲಾ ಅಂದೆ. ನಕ್ಕರು. 18 ಲಕ್ಷದ ಕೊಟೇಶನ್ ಆ ವಾರವೇ ಮೂಲೆ ಸೇರಿತು. ನನ್ನ ಸಂಬಳ ಮಾತ್ರ ಹಾಗೇ ಇದೆ.

ಆಮೇಲೆ ಜಂಬಕ್ಕೆ ಇನ್ನೊಂದು ಕೆಲಸ ಮಾಡಿದೆ. ಬರೆದದ್ದನ್ನು ಓದಿ ಹೇಳುವ ಸಾಫ್ಟ್‌ವೇರ್ ಇಸ್ಪೀಕ್‌ಗೆ ಕನ್ನಡ ಬರುತ್ತದೆ. ಸ್ಪೀಕರ್ ಇಟ್ಟು "ಲಿಂಕ್ ಬಿತ್ತು, ಲಿಂಕ್ ಬಿತ್ತು" ಅಂತ ಕೂಗುವ ಹಾಗೆ ಮಾಡಿದೆ. ಉಚ್ಚಾರ ಕೇಳಿದರೆ ಯಾರೋ ಬಾವಿಯೊಳಗಿಂದ ಮಾತಾಡಿದ ಹಾಗಿದೆ. ಒಂದು ರಾತ್ರಿ ಎರಡೂವರೆಗೆ ಡ್ಯೂಟಿಯ ಹುಡುಗ ಟೀಗೆ ಹೋಗಿದ್ದ. ಕೆಳಗಿನ ಸೆಕ್ಯುರಿಟಿಯವರು ಫೋನ್ ಮಾಡಿದರು: "ಸಾರ್, ಮೇಲೆ ಏನೋ ಬಿತ್ತು ಅಂತ ಯಾರೋ ಕೂಗ್ತಾವ್ರೆ." ಎಸ್ಸೆಮ್ಮೆಸ್ ಅಲಾರಂ ನನಗೆ ತಲುಪಿದ್ದು ಅದಾಗಿ ನಾಲ್ಕು ನಿಮಿಷಕ್ಕೆ.

ವಿಂಡೋಸ್ 7 ಪಿಸಿ ಈಗಲೂ ಅಲ್ಲೇ ಇದೆ, ಆಫ್ ಮಾಡಿ ಇಟ್ಟಿದ್ದೇವೆ. ಚೀಟಿ ಯಾರೂ ಕಿತ್ತಿಲ್ಲ.