ಕಾರಲ್ಲಿ ಅಡಿಕೆ ಗೋಣಿ ಒಯ್ಯುವವರು ಇದನ್ನು ಓದಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಜನ ಅಡಿಕೆ ಮಾರಲು ಸ್ವಂತ ಕಾರಲ್ಲೇ ಹೋಗುತ್ತಾರೆ. ಹಿಂದಿನ ಸೀಟು ಮಡಚಿ, ಗೋಣಿ ಪೇರಿಸಿ, ಮುಂದೆ ಇಬ್ಬರು ಕೂತು ಹೊರಡುವುದು. ದಯವಿಟ್ಟು ಹೀಗೆ ಮಾಡಬೇಡಿ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರು ಮರಕ್ಕೋ ಲಾರಿಗೋ ಗುದ್ದಿತು ಅಂದುಕೊಳ್ಳಿ. ಕಾರು ನಿಲ್ಲುತ್ತದೆ, ಕಟ್ಟದ ಗೋಣಿ ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಮಹಡಿ ಮೇಲಿಂದ, ಬಿದ್ದ ಗೋಣಿಗೆ ಇರುವಷ್ಟೇ ವೇಗ ಅದು. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು! ಸೀಟ್ ಬೆಲ್ಟ್, ಏರ್‌ಬ್ಯಾಗ್ ಇರುವುದು ನಿಮ್ಮನ್ನು ಹಿಡಿಯಲು. ಬೆನ್ನ ಹಿಂದಿನಿಂದ ಬರುವ ಭಾರವನ್ನು ಅವು ತಡೆಯುವುದಿಲ್ಲ ಅಲ್ವಾ?

ಭಾರದ್ದನ್ನು ಡಿಕ್ಕಿಯ ತಳದಲ್ಲೇ, ಹಿಂದಿನ ಸೀಟಿಗೆ ತಾಗಿಸಿ ಇಡಿ. ನಡುವೆ ಜಾಗ ಬಿಟ್ಟರೆ ಗೋಣಿ ಜಾರಿ ಬಂದು ಸೀಟಿಗೆ ಗುದ್ದುತ್ತದೆ. ಸೀಟು ಸರಿಯಾಗಿ ಲಾಕ್ ಆಗಿದೆಯಾ ಎಂದು ಎಳೆದು ನೋಡಿ. ಹಿಂದೆ ಯಾರೂ ಇಲ್ಲದಿದ್ದರೂ ಅಲ್ಲಿನ ಬೆಲ್ಟ್ ಹಾಕಿಡಿ, ಸೀಟಿಗೆ ಅದೊಂದು ಆಸರೆ. ಡಿಕ್ಕಿಯಲ್ಲಿ ಕೊಕ್ಕೆ ಇದ್ದರೆ ಗಟ್ಟಿ ಹಗ್ಗದಿಂದ ಬಿಗಿಯಿರಿ. ಸೀಟಿನ ಎತ್ತರ ಮೀರಿ ಪೇರಿಸಲೇಬೇಡಿ.

ಹಿಂದಿನ ಗಾಜಿನ ಹತ್ತಿರ ಕತ್ತಿ, ತೆಂಗಿನಕಾಯಿ, ಸ್ಟೀಲ್ ಬಾಟಲಿ ಸುಮ್ನೆ ಇಟ್ಟಿರುತ್ತೇವೆ. ಜೋರಾಗಿ ಬ್ರೇಕ್ ಹಾಕಿದರೂ ಸಾಕು, ಹಿಂದೆ ಕೂತ ಮಕ್ಕಳ ತಲೆಗೇ ಬಡಿಯಬಹುದು. ಅವನ್ನೂ ಕೆಳಗೆ ಇಡಿ.

ಗೋಣಿ ಜಾಸ್ತಿ ಇದ್ದ ದಿನ ಪಿಕಪ್ ಅಥವಾ ಗೂಡ್ಸ್ ರಿಕ್ಷಾ ಮಾಡಿ. ನಾಲ್ಕು ಮನೆಯವರು ಸೇರಿದರೆ ಬಾಡಿಗೆಯೂ ಅಷ್ಟು ಭಾರ ಅನಿಸುವುದಿಲ್ಲ.