ಗೆಳೆಯರ ಜೊತೆ ಬಾಡಿಗೆ ಮನೆ ಮಾಡ್ತಿದ್ದೀರಾ? ಈ ಮಾತುಗಳನ್ನು ನಂಬಬೇಡಿ

ಬೆಂಗಳೂರಿಗೆ ಓದಲು ಬಂದಿದ್ದೀರಿ. ಪಿಜಿ ಊಟ ಸಾಕಾಗಿದೆ. ಮೂರ್ನಾಲ್ಕು ಜನ ಸೇರಿ ಮನೆ ಮಾಡೋಣ ಅಂತ ಟು-ಲೆಟ್ ಬೋರ್ಡ್ ಹುಡುಕುತ್ತಾ ಹೊರಟಿದ್ದೀರಿ. ಮಾಡಿ, ಖಂಡಿತ ಒಳ್ಳೇದು. ಆದರೆ ಸೀನಿಯರ್‌ಗಳು ಹೇಳುವ ಕೆಲವು ಮಾತು ನಂಬಿ ಅಡ್ವಾನ್ಸ್ ಕೊಟ್ಟುಬಿಡಬೇಡಿ.

"ಅಗ್ರಿಮೆಂಟ್ ಯಾರ ಹೆಸರಲ್ಲಿದ್ದರೇನು, ನಾವೆಲ್ಲ ಫ್ರೆಂಡ್ಸ್ ಅಲ್ವಾ?" ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ಮಾತು ಇದೇ. ವಿಜಯನಗರದಲ್ಲಿ ನಾವು ನಾಲ್ವರು ಮನೆ ಮಾಡಿದಾಗ ಅಗ್ರಿಮೆಂಟ್ ನನ್ನೊಬ್ಬನ ಹೆಸರಲ್ಲಿತ್ತು. ಐದನೇ ತಿಂಗಳಿಗೆ ಒಬ್ಬನಿಗೆ ಹೈದರಾಬಾದಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಹೊರಡುವಾಗ ತನ್ನ ಪಾಲಿನ ಅಡ್ವಾನ್ಸ್ ಕೇಳಿದ. ಓನರ್, ಮನೆ ಪೂರ್ತಿ ಖಾಲಿ ಮಾಡಿದ ಮೇಲೆ ಕೊಡ್ತೀನಿ ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮುಂದಿನ ಎರಡು ತಿಂಗಳು ಅವನ ಪಾಲಿನ ಬಾಡಿಗೆಯನ್ನೂ ಉಳಿದ ಮೂವರೇ ಕಟ್ಟಿದೆವು, ಊರಲ್ಲಿ ಅವನ ಅಪ್ಪ ನಾನೇ ದುಡ್ಡು ಇಟ್ಟುಕೊಂಡಿದ್ದೇನೆ ಅಂದುಕೊಂಡರು, ಸ್ಕೂಲಿನಿಂದ ಇದ್ದ ಸ್ನೇಹ ಅಲ್ಲಿಗೆ ನಿಂತಿತು.

ಅದಕ್ಕೇ ಹೇಳ್ತಿದ್ದೇನೆ, ಎಲ್ಲರ ಹೆಸರೂ ಅಗ್ರಿಮೆಂಟ್‌ನಲ್ಲಿ ಇರಲಿ. ಜೊತೆಗೆ ಒಂದು ವಿಷಯ ತಿಳಿದಿರಿ. ಸಾಮಾನ್ಯವಾಗಿ ಓನರ್‌ಗೆ ಬರಬೇಕಾದದ್ದು ಇಡೀ ಮನೆಯ ಬಾಡಿಗೆ, ತಲೆಗೆ ಇಷ್ಟು ಅಂತಲ್ಲ. ಒಬ್ಬ ಕೊಡದಿದ್ದರೆ ಉಳಿದವರನ್ನೇ ಕೇಳುತ್ತಾರೆ. ಹಾಗಾಗಿ ನಿಮ್ಮನಿಮ್ಮಲ್ಲೇ ಇನ್ನೊಂದು ಹಾಳೆ ಬರೆದುಕೊಳ್ಳಿ. ಯಾರು ಅಡ್ವಾನ್ಸ್‌ಗೆ ಎಷ್ಟು ಹಾಕಿದರು, ಬಿಡುವವರು ಎಷ್ಟು ದಿನ ಮುಂಚೆ ಹೇಳಬೇಕು, ಬದಲಿಗೆ ಜನ ಹುಡುಕುವವರು ಯಾರು, ಹೊಸಬರು ಬಂದಾಗ ಅವರ ಪಾಲಿನ ಅಡ್ವಾನ್ಸ್ ನೇರವಾಗಿ ಹೋಗುವವರ ಕೈಗೆ ಸೇರಬೇಕು ಅಂತ ಎಲ್ಲ ಬರೆದು ಸಹಿ ಹಾಕಿ. ಮುಜುಗರ ಆಗುತ್ತೆ, ಗೊತ್ತು. ಹತ್ತು ನಿಮಿಷದ ಮುಜುಗರ ಅಷ್ಟೇ.

"ಹನ್ನೊಂದು ತಿಂಗಳ ಅಗ್ರಿಮೆಂಟ್‌ಗೆ ಬೆಲೆ ಇಲ್ಲ" ಅನ್ನೋದೂ ತಪ್ಪು. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೇ ಜನ 11 ತಿಂಗಳಿಗೆ ನಿಲ್ಲಿಸುತ್ತಾರೆ. ಸರಿಯಾದ ಸ್ಟಾಂಪ್ ಪೇಪರ್ ಮೇಲಿದ್ದರೆ ಅದೂ ಕರಾರೇ. ನೋಟರಿ ಮುದ್ರೆ ಬಿದ್ದರೆ ನೋಂದಣಿ ಆಯಿತು ಅಂತಲ್ಲ, ಎರಡೂ ಬೇರೆ.

ಇನ್ನು ಅಡ್ವಾನ್ಸ್. "ಕಾನೂನಲ್ಲಿ ಎರಡೇ ತಿಂಗಳದ್ದು" ಅಂತ ಓನರ್ ಜೊತೆ ವಾದಕ್ಕೆ ಇಳಿಯಬೇಡಿ. ಆ ಎರಡು ತಿಂಗಳ ಮಿತಿ ಬಂದಿದ್ದು 2021ರಲ್ಲಿ ಕೇಂದ್ರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಿಂದ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ತಾನಾಗಿ ಜಾರಿಗೆ ಬರುವುದಿಲ್ಲ. ಕೂತು ಮಾತಾಡಿ ಇಳಿಸುವುದೇ ದಾರಿ. 24,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ಅಂದರೆ 2,40,000, ನಾಲ್ವರಲ್ಲಿ ತಲೆಗೆ 60,000. ಆರು ತಿಂಗಳಿಗೆ ಇಳಿಸಿದರೆ 36,000. ಹತ್ತು ಕೇಳಿದವರು ಆರಕ್ಕೆ ಇಳಿದದ್ದನ್ನು ನಾನೇ ನೋಡಿದ್ದೇನೆ. ಕೊಡುವಾಗ ಕ್ಯಾಶ್ ಬೇಡ, ಬ್ಯಾಂಕ್ ಮೂಲಕವೇ ಹಾಕಿ.

ಮನೆ ಬಿಡುವಾಗ "ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯೋದು ರೂಲ್ಸು" ಅಂತಾರೆ. ರೂಲ್ಸ್ ಅಲ್ಲ, ಇಲ್ಲಿನ ರೂಢಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದು, ಮನೆಯನ್ನು ಕೊಟ್ಟಾಗ ಇದ್ದ ಹಾಗೆ ಹಿಂತಿರುಗಿಸಬೇಕು, ಆದರೆ ಬಳಸಿದ್ದಕ್ಕೆ ಸಹಜವಾಗಿ ಆಗುವ ಸವಕಳಿ ಬಾಡಿಗೆದಾರನ ತಪ್ಪಲ್ಲ ಅಂತ. ಅಗ್ರಿಮೆಂಟ್‌ನಲ್ಲೇ ಪೇಂಟಿಂಗ್ ಹಣ ಬರೆದಿದ್ದರೆ ಮಾತ್ರ ಕಥೆ ಬೇರೆ, ಸಹಿ ಹಾಕಿದ್ದೀರಿ, ಕೊಡಬೇಕು. ಆ ಸಾಲನ್ನು ಸಹಿಗೆ ಮುಂಚೆಯೇ ಹುಡುಕಿ ಮಾತಾಡಿ. ಸಾಮಾನು ಇಳಿಸುವ ಮೊದಲು ಪ್ರತಿ ಗೋಡೆ, ನಲ್ಲಿ, ಬಾತ್‌ರೂಮ್ ಬಾಗಿಲು ಎಲ್ಲ ವಿಡಿಯೋ ಮಾಡಿ ಓನರ್‌ಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ.

ಇನ್ನು ಕರೆಂಟ್. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಓನರ್‌ಗಳಿಗೆ ಮಾತ್ರ ಅಲ್ಲ, ಬಾಡಿಗೆದಾರರೂ ಅರ್ಜಿ ಹಾಕಬಹುದು. ಹಳೆ ಬಾಡಿಗೆದಾರರ ಆಧಾರ್ ಆ ಮೀಟರ್‌ಗೆ ಜೋಡಣೆಯಾಗಿದ್ದರೆ ಮೊದಲು ತೆಗೆಸಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ, ನಾಲ್ಕು ಜನ ಗೀಸರ್ ಹಾಕುವ ಮನೆಯಲ್ಲಿ ಇದು ನೆನಪಿರಲಿ.

ಕೊನೆಯದಾಗಿ ನೀರು. "ಇಪ್ಪತ್ತನಾಲ್ಕು ಗಂಟೆ ನೀರು" ಅಂತ ಬ್ರೋಕರ್ ಹೇಳಿದರೆ ಕಾವೇರಿನಾ ಬೋರ್‌ವೆಲ್ಲಾ ಅಂತ ಕೇಳಿ. 2024ರ ಬೇಸಿಗೆಯಲ್ಲಿ ನಗರದಲ್ಲಿ ಎಷ್ಟೋ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್‌ಗೆ ಕಾದರು. ಟ್ಯಾಂಕರ್ ದುಡ್ಡು ಮೇಂಟೆನೆನ್ಸ್‌ನಲ್ಲೇ ಸೇರಿದೆಯಾ, ಬೇರೆ ಕೊಡಬೇಕಾ ಅಂತ ಅಗ್ರಿಮೆಂಟ್‌ನಲ್ಲಿ ಬರೆಸಿ. ಮತ್ತೆ ಓನರ್ ಇಲ್ಲದ ಹೊತ್ತು ನೋಡಿ ಒಂದ್ಸಲ ಹೋಗಿ, ಕೆಳಗಿನ ಮನೆಯವರನ್ನು ಕೇಳಿ, ಮಾರ್ಚ್ ಏಪ್ರಿಲ್‌ನಲ್ಲಿ ನೀರು ಹೇಗೆ ಅಂತ.